ಸಹಿ ಬೀಳುತ್ತದೆ, ಆಮೇಲೆ ‘ಡಾಕ್ಟರು ನನಗೆ ಹೊಂದುವ ಮಾತ್ರೇನೇ ಆರಿಸಿದ್ದಾರೆ’ ಅನ್ನುತ್ತಾರೆ: ಕನ್ಸೆಂಟ್ ಎಲ್ಲಿ ಎಡವುತ್ತಿದೆ?

ತುಂಬೆಹೂ ಕೇಳಿದ ಪ್ರಶ್ನೆ:

ನಮಸ್ಕಾರ. ರುಮಟಾಯ್ಡ್ ಆರ್ಥ್ರೈಟಿಸ್‌ನ (ಕೀಲುಗಳು ಊದಿ ನೋಯುವ ರೋಗ) ಒಂದು ಟ್ರಯಲ್‌ಗೆ, ಅಂದರೆ ಹೊಸ ಔಷಧಿಯನ್ನು ರೋಗಿಗಳಲ್ಲಿ ಪರೀಕ್ಷಿಸುವ ಅಧ್ಯಯನಕ್ಕೆ, ಕನ್ನಡದ ಕನ್ಸೆಂಟ್ (ಒಪ್ಪಿಗೆ) ಫಾರ್ಮ್ ಹೊಸದಾಗಿ ಬರೆಯಬೇಕಾಗಿದೆ. ಸೇರುವವರು ಈಗಾಗಲೇ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ (ಈ ರೋಗದ ಮಾಮೂಲಿ ಔಷಧಿ) ತಗೊಳ್ಳುತ್ತಿದ್ದೂ ಪೂರ್ತಿ ಹತೋಟಿ ಸಿಗದವರು. ಅದರ ಮೇಲೆ ದಿನಕ್ಕೊಂದು ಹೊಸ ಮಾತ್ರೆ ಅಥವಾ ಪ್ಲಾಸಿಬೊ (ನೋಡಲು ಹಾಗೇ ಇರುವ, ಔಷಧಿ ಇಲ್ಲದ ಮಾತ್ರೆ). ಅನುಪಾತ 2:1 (ಇಬ್ಬರಿಗೆ ಹೊಸದು, ಒಬ್ಬರಿಗೆ ಪ್ಲಾಸಿಬೊ), ಡಬಲ್ ಬ್ಲೈಂಡ್ (ಯಾರಿಗೆ ಯಾವುದು ಎಂದು ರೋಗಿಗೂ ಡಾಕ್ಟರಿಗೂ ಗೊತ್ತಿರುವುದಿಲ್ಲ), 24 ವಾರ, 9 ಭೇಟಿ, ಪ್ರತಿ ಭೇಟಿಗೆ 25 ಮಿ.ಲೀ. ರಕ್ತ. 12ನೇ ವಾರದ ಹೊತ್ತಿಗೆ ಊದಿದ ಮತ್ತು ನೋಯುವ ಕೀಲುಗಳ ಎಣಿಕೆ ಶೇ 20ರಷ್ಟಾದರೂ ಇಳಿಯದಿದ್ದರೆ ಬೇರೆ ಚಿಕಿತ್ಸೆಗೆ ಹೋಗಲು ದಾರಿ ಇದೆ.

ಈಗಿರುವ ಫಾರ್ಮ್ 19 ಪುಟ. ಬ್ಯಾಕ್ ಟ್ರಾನ್ಸ್‌ಲೇಶನ್ ಸರ್ಟಿಫಿಕೇಟ್ (ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡಿದ್ದಕ್ಕೆ) ಇದೆ, ಎಥಿಕ್ಸ್ ಕಮಿಟಿಯ ಮುದ್ರೆಯೂ ಇದೆ. ಆದರೆ ಸಹಿ ಮಾಡಿದವರನ್ನು ಎರಡನೇ ಭೇಟಿಯಲ್ಲಿ ಮಾತಾಡಿಸಿದರೆ ಬರುವ ಉತ್ತರ ಮೇಲಿನ ಶೀರ್ಷಿಕೆಯದೇ. ಪ್ಲಾಸಿಬೊ ಇದೆ ಅನ್ನುವುದು ಗೊತ್ತು. ಆದರೆ ಅದು ತನಗೆ ಬರುವುದಿಲ್ಲ, ಡಾಕ್ಟರು ನೋಡಿಕೊಳ್ಳುತ್ತಾರೆ ಅನ್ನುವ ನಂಬಿಕೆ.

ಇಂಥ ಸಹಿಗೆ ಬೆಲೆ ಇದೆಯೇ? ಪುಟ ಕಡಿಮೆ ಮಾಡಿದರೆ ಸರಿಹೋಗುತ್ತದಾ, ವಿಡಿಯೊ ಮಾಡಿಸಬೇಕಾ? ‘ಯಾದೃಚ್ಛಿಕ’ (ಯಾರೂ ಆರಿಸದೆ ಆಕಸ್ಮಿಕವಾಗಿ), ‘ನಿಷ್ಕ್ರಿಯ ವಸ್ತು’ (ಪ್ಲಾಸಿಬೊ) ಇವುಗಳ ಬದಲು ಏನು ಬರೆಯುತ್ತೀರಿ?

---

ಮೂರನೇಕುರ್ಚಿ ಉತ್ತರ:

ನೀವು ಹೇಳುತ್ತಿರುವುದಕ್ಕೆ ಹೆಸರೇ ಇದೆ. 1982ರಲ್ಲಿ ಆಪಲ್‌ಬಾಮ್, ರಾಥ್, ಲಿಡ್ಜ್ ಇದನ್ನು ಥೆರಪ್ಯೂಟಿಕ್ ಮಿಸ್‌ಕನ್ಸೆಪ್ಷನ್ ಎಂದು ಕರೆದರು. ಕನ್ನಡದಲ್ಲಿ ‘ಚಿಕಿತ್ಸೆಯ ಭ್ರಮೆ’ ಅನ್ನಬಹುದು. ಮಾಹಿತಿ ಸಾಲದೆ ಹುಟ್ಟುವ ಭ್ರಮೆ ಅಲ್ಲ ಇದು. ‘ಈ ಮನುಷ್ಯ ನನ್ನ ಡಾಕ್ಟರು, ಏನು ಮಾಡಿದರೂ ನನ್ನ ಒಳ್ಳೆಯದಕ್ಕೇ’ ಅನ್ನುವ ನಂಬಿಕೆಯಿಂದ ಹುಟ್ಟುವುದು. ಆ ನಂಬಿಕೆ ವಾರ್ಡಿನಲ್ಲಿ ಸರಿ. ಟ್ರಯಲ್‌ನಲ್ಲಿ ಅರ್ಧ ಮಾತ್ರ ಸರಿ, ಯಾಕೆಂದರೆ ಅಲ್ಲಿ ಡೋಸ್ ನಿರ್ಧರಿಸುವುದು ಪ್ರೋಟೋಕಾಲ್, ಅಂದರೆ ಮೊದಲೇ ಬರೆದಿಟ್ಟ ಅಧ್ಯಯನದ ನಿಯಮಾವಳಿ.

ಹಾಗಾಗಿ ಫಾರ್ಮ್‌ನಲ್ಲಿ ಮೊದಲು ಬರಬೇಕಾದದ್ದು ಪ್ಲಾಸಿಬೊ ವಿವರಣೆ ಅಲ್ಲ, ‘ಸೇರಿದರೆ ನಿಮ್ಮ ಮಾಮೂಲಿ ಚಿಕಿತ್ಸೆಗಿಂತ ಏನೇನು ಬೇರೆಯಾಗುತ್ತದೆ’ ಅನ್ನುವುದು. ನಿಮ್ಮ ಟ್ರಯಲ್‌ನಲ್ಲಿ ಅದು ಹೀಗಿರಬಹುದು (ಪ್ರೋಟೋಕಾಲ್ ಜೊತೆ ತಾಳೆ ನೋಡಿಕೊಳ್ಳಿ): 24 ವಾರ ಮೆಥೊಟ್ರೆಕ್ಸೇಟ್ ಡೋಸ್ ಏರಿಸುವಂತಿಲ್ಲ, ಸ್ಟೀರಾಯ್ಡ್ ಎಷ್ಟಿದೆಯೋ ಅಷ್ಟೇ, ಮಂಡಿ ಊದಿದರೂ ಕೀಲಿಗೆ ಇಂಜೆಕ್ಷನ್ ಕೊಡುವಂತಿಲ್ಲ, ಯಾವ ಮಾತ್ರೆ ಎಂದು ಡಾಕ್ಟರಿಗೂ ಗೊತ್ತಿಲ್ಲ. ಮಾಮೂಲಿ ಓಪಿಡಿಯಲ್ಲಿ ಇವೆಲ್ಲವನ್ನೂ ಡಾಕ್ಟರು ನೋವು ನೋಡಿ ಬದಲಿಸುತ್ತಾರೆ. ಈ ನಾಲ್ಕು ಸಾಲು ಓದಿದ ಮೇಲೆ ‘ನನಗೆ ಹೊಂದುವುದನ್ನೇ ಆರಿಸಿದ್ದಾರೆ’ ಅನ್ನುವುದು ಕಷ್ಟ.

ಎರಡನೆಯದು, ಫಾರ್ಮ್ ತೆಗೆದು ‘ಚಿಕಿತ್ಸೆ’ ಅನ್ನುವ ಪದ ಎಷ್ಟು ಸಲ ಬಂದಿದೆ ಎಣಿಸಿ. ‘ಅಧ್ಯಯನದ ಚಿಕಿತ್ಸೆ’, ‘ಚಿಕಿತ್ಸಾ ಅವಧಿ’, ‘ಚಿಕಿತ್ಸಾ ಗುಂಪು’. ಪ್ಲಾಸಿಬೊ ಪಡೆಯುವವರೂ ‘ಚಿಕಿತ್ಸಾ ಅವಧಿ’ಯಲ್ಲೇ ಇರುತ್ತಾರೆ! ಭ್ರಮೆಯನ್ನು ನಾವೇ ಅಚ್ಚು ಹಾಕಿಸಿ ಕೊಡುತ್ತಿದ್ದೇವೆ. ‘ಅಧ್ಯಯನದ ಮಾತ್ರೆ’, ‘ಮಾತ್ರೆ ತೆಗೆದುಕೊಳ್ಳುವ 24 ವಾರ’ ಎಂದು ಬದಲಿಸಿ. ಪದದ ತಂಟೆ ಸಣ್ಣದು ಅನ್ನಿಸಿದರೆ ಟಸ್ಕೀಗಿ ನೆನಪಿಸಿಕೊಳ್ಳಿ. ಅಮೆರಿಕದಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ 399 ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ ರೋಗ ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಾ ಕೂತ ಅಧ್ಯಯನ. ಬೆನ್ನುಹುರಿಯ ನೀರು ತೆಗೆಯಲು ಅವರನ್ನು ಕರೆದ ಪತ್ರದಲ್ಲಿ ಬರೆದದ್ದು ‘ವಿಶೇಷ ಉಚಿತ ಚಿಕಿತ್ಸೆ’ ಎಂದು. ಅದು ಬರೀ ಪರೀಕ್ಷೆಯಾಗಿತ್ತು.

ನಿಮ್ಮ ಪದಗಳಿಗೆ ಬರೋಣ.

‘ಯಾದೃಚ್ಛಿಕ’ ಬೇಡವೇ ಬೇಡ. ‘ಲಾಟರಿ’ ಎಂದು ಹಲವರು ಬರೆಯುತ್ತಾರೆ, ಅದು ಇನ್ನೂ ಕೆಟ್ಟದ್ದು. ಲಾಟರಿಯಲ್ಲಿ ಬಹುಮಾನ ಇರುತ್ತದೆ. ಹೊಸ ಮಾತ್ರೆ ಬಂದವರು ಗೆದ್ದವರು ಅನ್ನುವ ಭಾವನೆ ತಾನಾಗಿ ಕೂರುತ್ತದೆ. ‘ನಾಣ್ಯ ಚಿಮ್ಮಿದ ಹಾಗೆ, ಕಂಪ್ಯೂಟರ್ ತೀರ್ಮಾನಿಸುತ್ತದೆ; ಡಾಕ್ಟರು ಆರಿಸುವುದಿಲ್ಲ, ಬದಲಿಸಲೂ ಆಗುವುದಿಲ್ಲ’ ಎಂದು ಬರೆಯಿರಿ. ಕೊನೆಯ ತುಂಡು ಮುಖ್ಯ. ‘ಕಂಪ್ಯೂಟರ್ ಆರಿಸುತ್ತದೆ’ ಎಂದಷ್ಟೇ ಬರೆದರೆ, ಕಂಪ್ಯೂಟರ್ ನನ್ನ ರಿಪೋರ್ಟ್ ನೋಡಿ ಆರಿಸಿದೆ ಎಂದುಕೊಳ್ಳುವವರು ಇದ್ದಾರೆ.

‘ಹುಸಿಮದ್ದು’ ಅಂದರೆ ಮೋಸದ ವಾಸನೆ ಬರುತ್ತದೆ. ‘ಸಕ್ಕರೆ ಮಾತ್ರೆ’ ಅಂದರೆ ಡಯಾಬಿಟಿಸ್ ಇರುವವರು ಗಾಬರಿಯಾಗುತ್ತಾರೆ, ಅದೂ ಅಲ್ಲದೆ ಒಳಗಿರುವುದು ಹೆಚ್ಚಾಗಿ ಲ್ಯಾಕ್ಟೋಸ್ ಅಥವಾ ಸೆಲ್ಯುಲೋಸ್. ಮೊದಲ ಸಲ ‘ನೋಡಲು ಹಾಗೇ ಇರುವ, ಔಷಧಿಯ ಅಂಶವೇ ಇಲ್ಲದ ಡಮ್ಮಿ ಮಾತ್ರೆ’ ಎಂದು ಬಿಡಿಸಿ ಬರೆದು, ಮುಂದೆಲ್ಲ ‘ಡಮ್ಮಿ ಮಾತ್ರೆ’ ಅನ್ನಿ. ಒಂದೇ ವಸ್ತುವಿಗೆ ಮೂರು ಹೆಸರು ಬಳಸಿದರೆ ಮೂರು ಮಾತ್ರೆ ಇವೆ ಅಂದುಕೊಳ್ಳುತ್ತಾರೆ.

ಬ್ಯಾಕ್ ಟ್ರಾನ್ಸ್‌ಲೇಶನ್ ಸರ್ಟಿಫಿಕೇಟ್ ಬಗ್ಗೆ: ಅದು ಹೇಳುವುದು ಪದಕ್ಕೆ ಪದ ಸರಿಹೊಂದಿದೆ ಎಂದಷ್ಟೆ. ‘ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು’ ಚೆನ್ನಾಗಿ ಇಂಗ್ಲಿಷಿಗೆ ವಾಪಸ್ಸು ಹೋಗುತ್ತದೆ, ಓದುಗರ ತಲೆಗೆ ಮಾತ್ರ ಹೋಗುವುದಿಲ್ಲ. ವೈದ್ಯಕೀಯದ ಗಂಧಗಾಳಿ ಇಲ್ಲದ, ಟ್ರಯಲ್‌ಗೆ ಸಂಬಂಧವೂ ಇಲ್ಲದ ಐದಾರು ಜನರನ್ನು ಕೂರಿಸಿ, ಒಂದೊಂದು ಪ್ಯಾರಾ ಓದಿಸಿ, ‘ಇದನ್ನ ನಿಮ್ಮ ಮನೆಯವರಿಗೆ ಹೇಗೆ ಹೇಳ್ತೀರಿ’ ಎಂದು ಕೇಳಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಮತ್ತೆ ಬರೆಯಿರಿ. ಆಮೇಲೆ ಕಮಿಟಿಗೆ ಕಳಿಸಿ.

ಪುಟಗಳ ವಿಚಾರ: 19ನ್ನು 8ಕ್ಕೆ ಇಳಿಸಿದರೆ ಒಳ್ಳೆಯದೇ, ಆದರೆ ಅದೊಂದರಿಂದ ಆಗುವುದಿಲ್ಲ. ಅರ್ಥವಾಗುವಿಕೆ ಹೆಚ್ಚಿಸಲು ನಡೆದ ಪ್ರಯತ್ನಗಳನ್ನೆಲ್ಲ ಫ್ಲೋರಿ ಮತ್ತು ಇಮ್ಯಾನ್ಯುಯೆಲ್ 2004ರಲ್ಲಿ ಒಟ್ಟುಹಾಕಿ ನೋಡಿದರು. ವಿಡಿಯೊ, ಸುಧಾರಿಸಿದ ಫಾರ್ಮ್ ಇವುಗಳಿಂದ ಸಿಕ್ಕಿದ್ದು ಅಷ್ಟಕ್ಕಷ್ಟೆ. ಒಬ್ಬ ಮನುಷ್ಯ ಎದುರು ಕೂತು ಹೆಚ್ಚು ಹೊತ್ತು ಮಾತಾಡಿದ್ದೇ ಎಲ್ಲಕ್ಕಿಂತ ಕೆಲಸ ಮಾಡಿತ್ತು. ಹಾಗಾಗಿ ವಿಡಿಯೊ ದುಡ್ಡನ್ನು, ರೋಗಿಗಳಿಗೆ ವಿವರಿಸಿ ಸಹಿ ಪಡೆಯುವ ಕೋಆರ್ಡಿನೇಟರ್‌ರ ಸಮಯಕ್ಕೆ ಹಾಕಿ. ಅಮೆರಿಕದ ನಿಯಮ 2018ರ ಪರಿಷ್ಕರಣೆಯಲ್ಲಿ ಫಾರ್ಮ್‌ನ ಮೊದಲಲ್ಲೇ ಮುಖ್ಯ ಮಾಹಿತಿಯ ಚುಟುಕು ಭಾಗ ಇರಬೇಕು ಎಂದಿತು. ಅದನ್ನು ಎಲ್ಲಿ ಬೇಕಾದರೂ ಅನುಸರಿಸಬಹುದು. ಒಂದು ಪುಟ, ಒಂದೂವರೆ ಆದರೂ ಪರವಾಗಿಲ್ಲ.

ಮಾತು ಮುಗಿದ ಮೇಲೆ ‘ಅರ್ಥ ಆಯ್ತಾ?’ ಎಂದು ಕೇಳಬೇಡಿ. ಅದಕ್ಕೆ ಉತ್ತರ ಯಾವಾಗಲೂ ‘ಹೂಂ’. ಹೀಗೆ ಕೇಳಿ:

– ನಿಮಗೆ ಯಾವ ಮಾತ್ರೆ ಅಂತ ಯಾರು ತೀರ್ಮಾನ ಮಾಡ್ತಾರೆ?
– ಇದಕ್ಕೆ ಸೇರಲ್ಲ ಅಂದ್ರೆ ನಾಳೆಯಿಂದ ನಿಮ್ಮ ಚಿಕಿತ್ಸೆ ಏನಾಗುತ್ತೆ?
– ಎರಡು ತಿಂಗಳಾದ ಮೇಲೆ ಬೇಡ ಅನ್ನಿಸಿದರೆ ಏನು ಮಾಡ್ತೀರಿ?
– ರಾತ್ರಿ ಜೋರು ಜ್ವರ ಬಂತು. ಯಾರಿಗೆ ಫೋನ್ ಮಾಡ್ತೀರಿ, ಏನು ಹೇಳ್ತೀರಿ?

ಮೊದಲ ಪ್ರಶ್ನೆಗೆ ‘ಡಾಕ್ಟರು’ ಎಂದು ಬಂದರೆ ಬೇರೆ ಮಾತಿನಲ್ಲಿ ಮತ್ತೆ ವಿವರಿಸಿ. ಎರಡನೇ ಸಲವೂ ಅದೇ ಬಂದರೆ ಆ ದಿನ ಸಹಿ ಬೇಡ, ಫಾರ್ಮ್ ಮನೆಗೆ ಕೊಟ್ಟು ಕಳಿಸಿ. ಅವರ ಉತ್ತರವನ್ನು ಅವರದೇ ಮಾತಿನಲ್ಲಿ ರೋಗಿಯ ಮೂಲ ದಾಖಲೆಯಾದ ಸೋರ್ಸ್ ನೋಟ್‌ನಲ್ಲಿ ಬರೆದಿಡಿ. ‘ವಿವರಿಸಲಾಯಿತು, ಅರ್ಥಮಾಡಿಕೊಂಡರು’ ಅನ್ನುವ ರಬ್ಬರ್ ಸ್ಟಾಂಪ್ ವಾಕ್ಯಕ್ಕೆ ಯಾವ ಬೆಲೆಯೂ ಇಲ್ಲ.

ಈಗಾಗಲೇ ಸಹಿ ಹಾಕಿದವರ ಪ್ರಶ್ನೆಗೆ: ಕಾಗದದ ಲೆಕ್ಕದಲ್ಲಿ ಸಿಂಧು, ನೀತಿಯ ಲೆಕ್ಕದಲ್ಲಿ ಕುಂಟು. ಅವರನ್ನು ಹೊರಗೆ ಹಾಕಬೇಕಿಲ್ಲ. ಮುಂದಿನ ಭೇಟಿಯಲ್ಲಿ ಕೂರಿಸಿ ಮತ್ತೆ ಮಾತಾಡಿ. ಹೊಸ ಫಾರ್ಮ್‌ಗೆ ಒಪ್ಪಿಗೆ ಸಿಕ್ಕ ಮೇಲೆ ಹೊಸ ಆವೃತ್ತಿಗೆ ಮರುಸಹಿ. ಕೆಲವರು ಬಿಟ್ಟು ಹೋಗಬಹುದು. ಹೋಗಲಿ.

---

ಗುಣಾಕಾರ ಉತ್ತರ:

ಮೂರನೇಕುರ್ಚಿ ಅವರ ಮಾತಿಗೆ ಅಂಕಿಅಂಶದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಭ್ರಮೆಯ ಇನ್ನೊಂದು ಬೇರು: ‘ಹೊಸದು ಅಂದರೆ ಒಳ್ಳೆಯದು’. ಇದು ರೋಗಿಗಳಿಗಷ್ಟೇ ಇರುವುದಲ್ಲ, ವಿವರಿಸುವ ಕೋಆರ್ಡಿನೇಟರ್‌ಗೂ ಇರುತ್ತದೆ. ‘ನಿಮಗೆ ಹೊಸ ಮಾತ್ರೆ ಸಿಗೋ ಚಾನ್ಸ್ ಜಾಸ್ತಿ ಇದೆ’ ಅಂದರೆ ಮುಗಿಯಿತು. ‘ಸಿಗೋ’ ಅನ್ನುವ ಕ್ರಿಯಾಪದವೇ ಪಕ್ಷಪಾತಿ. ‘ಬರುವ’ ಅನ್ನಿ.

ಹೊಸದೇ ಮೇಲು ಎಂದು ನಿಜವಾಗಿ ಗೊತ್ತಿದ್ದರೆ ಟ್ರಯಲ್ ಮಾಡುವುದೇ ತಪ್ಪು. ಫ್ರೀಡ್‌ಮನ್ 1987ರಲ್ಲಿ ಕ್ಲಿನಿಕಲ್ ಈಕ್ವಿಪಾಯ್ಸ್ ಅಂದದ್ದು ಇದನ್ನೇ: ಒಬ್ಬ ಡಾಕ್ಟರಿಗೆ ಒಂದು ಕಡೆ ಒಲವು ಇರಬಹುದು, ಆದರೆ ಬಲ್ಲವರ ನಡುವೆ ಯಾವುದು ಮೇಲು ಎಂಬ ವಾದ ಪ್ರಾಮಾಣಿಕವಾಗಿ ಇತ್ಯರ್ಥವಾಗದೆ ಉಳಿದಿರಬೇಕು. ಆಗ ಮಾತ್ರ ಚೀಟಿ ಎತ್ತುವುದು ನ್ಯಾಯ.

ಕೋಆರ್ಡಿನೇಟರ್‌ಗಳಿಗೆ ತರಬೇತಿ ಕೊಡುವಾಗ ಎರಡು ಉದಾಹರಣೆ ಹೇಳಿ, ಸಾಕು.

ಒಂದು, ಕಾಸ್ಟ್ (CAST) ಎಂಬ ಟ್ರಯಲ್. ಹೃದಯಾಘಾತ ಆಗಿ ಉಳಿದವರಲ್ಲಿ ಎದೆಬಡಿತ ತಪ್ಪುವುದು ಸಾವಿನ ಮುನ್ಸೂಚನೆ ಎಂದು ಗೊತ್ತಿತ್ತು. ಎನ್‌ಕೈನೈಡ್, ಫ್ಲೆಕೈನೈಡ್ ಆ ತಪ್ಪುಬಡಿತವನ್ನು ಚೆನ್ನಾಗಿ ಅಡಗಿಸುತ್ತಿದ್ದವು. ಹಾಗಾದರೆ ಸಾವು ಕಡಿಮೆಯಾಗಲೇಬೇಕು ಎಂದು ಡಾಕ್ಟರುಗಳು ಬರೆದುಕೊಡುತ್ತಲೂ ಇದ್ದರು, ಪ್ಲಾಸಿಬೊ ಕೊಡುವುದು ಅನ್ಯಾಯ ಅಂದವರೂ ಇದ್ದರು. ಸರಾಸರಿ 10 ತಿಂಗಳಲ್ಲಿ ಔಷಧಿ ಪಡೆದ 755 ಜನರಲ್ಲಿ 63 ಸಾವು, ಪ್ಲಾಸಿಬೊ ಪಡೆದ 743ರಲ್ಲಿ 26. 1989ರಲ್ಲಿ ಈ ಎರಡು ಔಷಧಿಗಳ ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. ಇಸಿಜಿ ಸುಂದರವಾಗಿತ್ತು, ಮನುಷ್ಯ ಉಳಿಯಲಿಲ್ಲ.

ಇನ್ನೊಂದು, 2006ರ ಮಾರ್ಚ್‌ನಲ್ಲಿ ಲಂಡನ್‌ನಲ್ಲಿ ನಡೆದ ಟಿಜಿಎನ್1412 ಎಂಬ ಔಷಧಿಯ ಟ್ರಯಲ್. ಮನುಷ್ಯರಿಗೆ ಮೊದಲ ಸಲ ಕೊಟ್ಟದ್ದು. ಪ್ರಾಣಿಗಳಲ್ಲಿ ತೊಂದರೆ ಕೊಡದ ಡೋಸ್‌ನ 500ನೇ ಒಂದು ಭಾಗ. ಎಂಟು ಆರೋಗ್ಯವಂತ ಯುವಕರು, ಆರು ಜನಕ್ಕೆ ಔಷಧಿ, ಇಬ್ಬರಿಗೆ ಪ್ಲಾಸಿಬೊ. ಸುಮಾರು ಹತ್ತು ಹತ್ತು ನಿಮಿಷದ ಅಂತರದಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಹಾಕುತ್ತಾ ಹೋದರು. ಮೊದಲನೆಯವನಿಗೆ ತೊಂದರೆ ಕಾಣಿಸುವ ಹೊತ್ತಿಗೆ ಉಳಿದವರಿಗೂ ಹೋಗಿ ಆಗಿತ್ತು. ಆರೂ ಜನ ಐಸಿಯು ಸೇರಿದರು (ಎಲ್ಲರೂ ಬದುಕಿದರು), ಪ್ಲಾಸಿಬೊ ಬಂದ ಇಬ್ಬರಿಗೆ ಏನೂ ಆಗಲಿಲ್ಲ. ಇವತ್ತು ಅಪಾಯಕಾರಿ ಎನಿಸುವ ಹೊಸ ಔಷಧಿಯನ್ನು ಮೊದಲು ಒಬ್ಬರಿಗೆ ಮಾತ್ರ ಕೊಟ್ಟು ಕಾದು ನೋಡುವ ಕ್ರಮ ಕಟ್ಟುನಿಟ್ಟಾದದ್ದು ಆಮೇಲೆ.

ಇವನ್ನು ಫಾರ್ಮ್‌ನಲ್ಲಿ ಹಾಕಿ ಜನರನ್ನು ಹೆದರಿಸಿ ಎನ್ನುತ್ತಿಲ್ಲ. ಎದುರು ಕೂತು ವಿವರಿಸುವವರ ತಲೆಯಲ್ಲಿ ‘ಪಾಪ, ಪ್ಲಾಸಿಬೊ ಬಂತಲ್ಲ’ ಅನ್ನುವ ಮಾತು ಇರಬಾರದು, ಅಷ್ಟೆ.

ರೋಗಿಗಳು ಕೇಳುವ ಒಂದು ಒಳ್ಳೆಯ ಪ್ರಶ್ನೆಗೆ ಬಹಳ ಸೈಟ್‌ಗಳಲ್ಲಿ ಉತ್ತರ ಸಿದ್ಧ ಇರುವುದಿಲ್ಲ: ‘ಮಧ್ಯದಲ್ಲಿ ಒಂದು ಮೇಲು ಅಂತ ಗೊತ್ತಾದರೆ ನಮಗೆ ಹೇಳ್ತೀರಾ?’ ಹೇಳಬೇಕಾದದ್ದು ಇಷ್ಟು: ಟ್ರಯಲ್ ನಡೆಸುವವರಿಗೆ ಸಂಬಂಧಪಡದ ಒಂದು ಸುರಕ್ಷಾ ಮಂಡಳಿ, ಅಂದರೆ ಡಿಎಸ್‌ಎಂಬಿ, ಮೊದಲೇ ಗೊತ್ತುಮಾಡಿದ ಹಂತಗಳಲ್ಲಿ ಎರಡೂ ಗುಂಪಿನ ಲೆಕ್ಕ ನೋಡುತ್ತದೆ. ನಿಲ್ಲಿಸುವ ಗೆರೆ ದಾಟಿದರೆ ನಿಲ್ಲಿಸಿ ಅನ್ನುತ್ತದೆ. ಅದಕ್ಕಿಂತ ಸಣ್ಣ ವ್ಯತ್ಯಾಸ ಕಂಡರೆ ಯಾರಿಗೂ ಹೇಳುವುದಿಲ್ಲ, ಡಾಕ್ಟರಿಗೂ.

ಯಾಕೆ ಹೇಳುವುದಿಲ್ಲ? ಮತ್ತೆ ಮತ್ತೆ ಇಣುಕಿ ನೋಡಿದರೆ ಇಲ್ಲದ ವ್ಯತ್ಯಾಸವೂ ಇದ್ದಂತೆ ಕಾಣುತ್ತದೆ. ನಿಜವಾಗಿ ವ್ಯತ್ಯಾಸವೇ ಇಲ್ಲದ ಎರಡು ಗುಂಪನ್ನು ಒಂದೇ ಸಲ ಕೊನೆಯಲ್ಲಿ ಹೋಲಿಸಿದರೆ ಸುಳ್ಳು ಫಲಿತಾಂಶದ ಸಾಧ್ಯತೆ ಶೇ 5 ಇದ್ದರೆ, ಅದೇ ಗೆರೆ ಇಟ್ಟುಕೊಂಡು ಸಮ ಅಂತರದಲ್ಲಿ ಐದು ಸಲ ಇಣುಕಿದರೆ ಸುಮಾರು ಶೇ 14 ಆಗುತ್ತದೆ. ಅದಕ್ಕೇ ಮಧ್ಯದ ನೋಟಗಳಿಗೆ ಗೆರೆ ಬಹಳ ಮೇಲಿರುತ್ತದೆ. ಹೇಬಿಟಲ್–ಪೀಟೊ ನಿಯಮದಲ್ಲಿ ವ್ಯತ್ಯಾಸ, ಆಕಸ್ಮಿಕ ಏರಿಳಿತದ ಅಳತೆಯಾದ ಸ್ಟಾಂಡರ್ಡ್ ಎರರ್ ಲೆಕ್ಕದಲ್ಲಿ, 3 ಸ್ಟಾಂಡರ್ಡ್ ಎರರ್‌ನಷ್ಟು ಇರಬೇಕು. ರೋಗಿಗೆ ಇಷ್ಟೆಲ್ಲ ಬೇಡ. ‘ಸಣ್ಣ ಸುಳಿವು ಕಂಡ ತಕ್ಷಣ ಹೇಳುವುದಿಲ್ಲ, ಖಚಿತವಾದರೆ ಹೇಳುತ್ತೇವೆ, ಅಪಾಯ ಕಂಡರೆ ನಿಲ್ಲಿಸುತ್ತೇವೆ’ ಎಂದು ಮುಚ್ಚುಮರೆ ಇಲ್ಲದೆ ಬರೆದರೆ ಸಾಕು. ಈ ಮೂರರಲ್ಲಿ ಮೊದಲನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ.

---

ರಾತ್ರಿಪಾಳಿ ಉತ್ತರ:

ಮೇಲಿನ ಇಬ್ಬರೂ ಬರೆದದ್ದು ಸರಿ, ಒಂದು ತಕರಾರು. ‘ಎರಡು ಸಲ ತಪ್ಪು ಹೇಳಿದರೆ ಸಹಿ ಬೇಡ’ ಅನ್ನುವುದು ಕಡತದಲ್ಲಿ ಚೆನ್ನಾಗಿ ಕಾಣುತ್ತದೆ. ನೆಲದ ಮೇಲೆ ಅದು ಪರೀಕ್ಷೆ ಆಗಿಬಿಡುತ್ತದೆ. ರೋಗಿ ‘ಸರಿ ಉತ್ತರ’ ಬಾಯಿಪಾಠ ಮಾಡುತ್ತಾರೆ, ಪಕ್ಕದಲ್ಲಿ ಕೂತ ಮಗ ಪಿಸುಗುಟ್ಟುತ್ತಾನೆ. ಓದು ಕಡಿಮೆ ಇರುವವರು ಫೇಲಾಗಿ ಹೊರಗುಳಿಯುತ್ತಾರೆ, ಆಮೇಲೆ ಟ್ರಯಲ್‌ನ ಫಲಿತಾಂಶ ಓದಿದವರಿಗೆ ಮಾತ್ರ ಅನ್ವಯ. 1979ರ ಬೆಲ್‌ಮಾಂಟ್ ವರದಿ (ಸಂಶೋಧನೆಯ ನೀತಿ ಕುರಿತ ಅಮೆರಿಕದ ದಾಖಲೆ) ಹೇಳಿದ ಮೂರು ತತ್ವಗಳಲ್ಲಿ ನ್ಯಾಯವೂ ಒಂದು ತಾನೆ. ವ್ಯಕ್ತಿಗೆ ಗೌರವ ಒಂದೇ ಅಲ್ಲವಲ್ಲ. ಉತ್ತರ ತಪ್ಪಾದರೆ ತಪ್ಪು ವಿವರಿಸಿದವರದು ಎಂದು ಮೊದಲೇ ಹೇಳಿಬಿಡಿ: ‘ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡ್ಬೇಕು, ನೀವು ಒಂದ್ಸಲ ಹೇಳಿ ಅಮ್ಮ’. ಕೇಳುವ ಧಾಟಿ ಬದಲಾದರೆ ಬರುವ ಉತ್ತರವೂ ಬದಲಾಗುತ್ತದೆ.

ಜಾಗ ಮತ್ತು ಹೊತ್ತಿನ ಬಗ್ಗೆ ಯಾರೂ ಹೇಳಲಿಲ್ಲ. ಪರೀಕ್ಷೆಯ ಮೇಜಿನ ಮೇಲೆ ಮಲಗಿರುವಾಗ, ಗೌನ್ ಹಾಕಿಕೊಂಡಿರುವಾಗ, ರೋಗದ ಹೆಸರು ಈಗಷ್ಟೇ ಕೇಳಿಸಿಕೊಂಡಿರುವಾಗ ಟ್ರಯಲ್ ಮಾತು ಎತ್ತಬಾರದು. ಬಟ್ಟೆ ಹಾಕಿಕೊಂಡು ಬೇರೆ ಕೋಣೆಯಲ್ಲಿ ಕುರ್ಚಿಯಲ್ಲಿ ಕೂತ ಮೇಲೆ. ದಿನಾ ನೋಡುವ ಡಾಕ್ಟರೇ ಪಿಐ (ಟ್ರಯಲ್ ನಡೆಸುವ ಮುಖ್ಯ ಸಂಶೋಧಕ) ಆಗಿದ್ದರೆ ಅವರು ವಿಷಯ ಪ್ರಸ್ತಾಪಿಸಲಿ, ವಿವರಣೆ ಮತ್ತು ಸಹಿ ಇನ್ನೊಬ್ಬರ ಹತ್ತಿರ ಆಗಲಿ. ಡಾಕ್ಟರ ಮುಖ ನೋಡಿಕೊಂಡು ‘ಬೇಡ’ ಅನ್ನುವವರು ಕಡಿಮೆ. ನಿಮ್ಮದು ತುರ್ತು ಟ್ರಯಲ್ ಅಲ್ಲ, ಫಾರ್ಮ್ ಮನೆಗೆ ಹೋಗಿ ಬರಲಿ.

ಓದಲು ಬಾರದವರ ವಿಷಯದಲ್ಲಿ ದಿನನಿತ್ಯ ಆಗುವ ತಪ್ಪು ಇದು: ಮಾತೆಲ್ಲ ಮುಗಿದ ಮೇಲೆ ಕಾರಿಡಾರ್‌ನಲ್ಲಿ ಹೋಗುತ್ತಿದ್ದ ಯಾರನ್ನೋ ಕರೆದು ಸಾಕ್ಷಿ ಸಹಿ ಹಾಕಿಸುವುದು. ನಿಷ್ಪಕ್ಷ ಸಾಕ್ಷಿ ಅಂದರೆ ಮೊದಲ ಮಾತಿನಿಂದ ಕೊನೆಯವರೆಗೆ ಕೋಣೆಯಲ್ಲಿ ಇದ್ದವರು, ಟ್ರಯಲ್ ತಂಡದವರಲ್ಲ. ಅವರು ಸಹಿ ಹಾಕುವುದು ಮೂರು ಮಾತಿಗೆ: ಫಾರ್ಮ್‌ನಲ್ಲಿರುವುದನ್ನು ಸರಿಯಾಗಿ ಓದಿ ವಿವರಿಸಿದರು, ಕೇಳುವವರಿಗೆ ಅರ್ಥವಾದಂತೆ ಕಂಡಿತು, ಯಾರ ಒತ್ತಡವೂ ಇಲ್ಲದೆ ಒಪ್ಪಿದರು. ಕಾರಿಡಾರ್‌ನವರು ಇದರಲ್ಲಿ ಒಂದಕ್ಕೂ ಸಾಕ್ಷಿಯಲ್ಲ. ಹೆಬ್ಬೆಟ್ಟಿನ ಪಕ್ಕ ಹೆಸರು, ತಾರೀಖು ಇರಬೇಕು, ಸಮಯವೂ ಬರೆಯಿರಿ. ಯಾಕೆಂದರೆ ಮುಂದೆ ಆಡಿಟ್‌ನಲ್ಲಿ ಮೊದಲು ನೋಡುವುದೇ ಸಹಿ 10:40ಕ್ಕೆ, ಸ್ಕ್ರೀನಿಂಗ್ ರಕ್ತ (ಸೇರಲು ಅರ್ಹರೇ ಎಂದು ನೋಡಲು ತೆಗೆಯುವುದು) ಅದಕ್ಕೂ ಮೊದಲೇ 10:15ಕ್ಕೆ ಎಂದಿದೆಯೇ ಅಂತ. ಟ್ರಯಲ್‌ಗೆಂದೇ ಉಪವಾಸ ಬರಲು ಹೇಳಿದ್ದರೆ, ಇರುವ ಮಾತ್ರೆ ನಿಲ್ಲಿಸಲು ಹೇಳಿದ್ದರೆ, ಅದೂ ಟ್ರಯಲ್‌ನ ಕೆಲಸವೇ. ಅದಕ್ಕೂ ಮೊದಲೇ ಒಪ್ಪಿಗೆ ಬೇಕು.

ರಕ್ತದ ಲೆಕ್ಕ: ‘ಪ್ರತಿ ಭೇಟಿಗೆ 25 ಮಿ.ಲೀ.’ ಎಂದರೆ ಏನೂ ಅನ್ನಿಸುವುದಿಲ್ಲ. ಐದು ಟೀ ಚಮಚ ಅನ್ನಿ, 9 ಭೇಟಿಗೆ ಒಟ್ಟು 225 ಮಿ.ಲೀ. ಎಂದೂ ಬರೆಯಿರಿ. ಹೆದರುವಷ್ಟು ಅಲ್ಲ, ಆದರೆ ಒಟ್ಟು ಮೊತ್ತ ಮುಚ್ಚಿಟ್ಟರೆ ನಾಲ್ಕನೇ ಭೇಟಿಯಲ್ಲಿ ‘ಎಷ್ಟು ಅಂತ ತೆಗೀತೀರಿ’ ಎಂದು ಜಗಳ ಬರುತ್ತದೆ.

ಪ್ರಯಾಣದ ದುಡ್ಡು ಪ್ರತಿ ಭೇಟಿಗೂ ಆಗಿಂದಾಗ್ಗೆ ಕೊಡಿ. ಪೂರ್ತಿ ಮೊತ್ತ ಕೊನೆಯ ಭೇಟಿಗೆ ಇಟ್ಟರೆ ಅದು ಹಗ್ಗ ಕಟ್ಟಿದ ಹಾಗೆ. ‘ಯಾವಾಗ ಬೇಕಾದರೂ ಬಿಡಬಹುದು’ ಅನ್ನುವ ಸಾಲಿಗೆ ಆಮೇಲೆ ಅರ್ಥ ಇಲ್ಲ.

---

ಮೂರನೇಕುರ್ಚಿ:

ರಾತ್ರಿಪಾಳಿ ಅವರ ತಕರಾರು ಒಪ್ಪಿದೆ. ‘ಸಹಿ ಬೇಡ’ ಅಂದದ್ದು ಆ ದಿನಕ್ಕೆ ಮಾತ್ರ, ಶಾಶ್ವತವಾಗಿ ಹೊರಗಿಡಲು ಅಲ್ಲ. ಆದರೂ ಬರೆದ ರೀತಿ ಬಾಗಿಲು ಹಾಕಿದಂತೆ ಇತ್ತು. ಒಂದು ಮಾತ್ರ ಬಿಟ್ಟುಕೊಡುವುದಿಲ್ಲ: ‘ಯಾರು ತೀರ್ಮಾನಿಸುತ್ತಾರೆ’ ಅನ್ನುವ ಪ್ರಶ್ನೆಗೆ ಉತ್ತರ ಬರಲೇಬೇಕು. ಉಳಿದವು ಸ್ವಲ್ಪ ಹಿಂದೆಮುಂದೆ ಆದರೂ ನಡೆಯುತ್ತದೆ.

---

ತುಂಬೆಹೂ:

ತುಂಬಾ ಉಪಕಾರವಾಯಿತು. ಎರಡು ಉಪಪ್ರಶ್ನೆ. ಫಾರ್ಮ್ ಕೊನೆಯಲ್ಲಿ ಒಂದು ಸಾಲು ಇದೆ: ‘ಉಳಿದ ಮಾದರಿಗಳನ್ನು ಭವಿಷ್ಯದ ಸಂಶೋಧನೆಗೆ ಬಳಸಬಹುದು’ (ಮಾದರಿ ಅಂದರೆ ಪರೀಕ್ಷೆಗೆಂದು ತೆಗೆದ ರಕ್ತ). ಪ್ರತ್ಯೇಕ ಟಿಕ್ ಇಲ್ಲ. ಇದು ಸಾಕೇ? ಮತ್ತೆ, ‘ಹಿಂದೆ ಸರಿದರೆ’ ಎಂಬ ಭಾಗದಲ್ಲಿ ಸರಿದ ಮೇಲೆ ಆ ತನಕದ ಡೇಟಾ ಏನಾಗುತ್ತದೆ ಎಂಬುದೇ ಇಲ್ಲ.

---

ಶೀತಪೆಟ್ಟಿಗೆ ಉತ್ತರ:

ಸಾಲದು. ಆ ಸಾಲು ಖಾಲಿ ಚೆಕ್ಕಿಗೆ ಸಹಿ ಹಾಕಿಸಿಕೊಂಡ ಹಾಗೆ.

ಉಳಿದ ಮಾದರಿಗೆ ಬೇರೆ ಪುಟ, ಬೇರೆ ಸಹಿ ಇರಲಿ. ಮೂರು ಆಯ್ಕೆ: ಈ ಅಧ್ಯಯನ ಮುಗಿದ ಮೇಲೆ ನಾಶ ಮಾಡಿ, ಕೀಲುರೋಗಗಳ ಸಂಶೋಧನೆಗೆ ಮಾತ್ರ ಬಳಸಿ, ಯಾವುದೇ ಆರೋಗ್ಯ ಸಂಶೋಧನೆಗೆ ಬಳಸಿ. ಚೌಕಗಳು ಖಾಲಿ ಇರಲಿ, ಮೊದಲೇ ಟಿಕ್ ಹಾಕಿ ಮುದ್ರಿಸಬೇಡಿ. ಮೊದಲನೆಯದನ್ನು ಆರಿಸಿದವರೂ ಮುಖ್ಯ ಟ್ರಯಲ್‌ನಲ್ಲಿ ಇರಬಹುದು ಎಂದು ಅದೇ ಪುಟದಲ್ಲಿ ಸ್ಪಷ್ಟವಾಗಿ ಬರೆಯಿರಿ. ಆಮೇಲೆ ಪ್ರಾಯೋಗಿಕ ಮಾತು: ಆ ಟಿಕ್ ಕಾಗದದಲ್ಲೇ ಉಳಿದರೆ ವ್ಯರ್ಥ. ಫ್ರೀಜರ್‌ನ ಮಾದರಿ ಪಟ್ಟಿಯಲ್ಲಿ ಪ್ರತಿ ಟ್ಯೂಬಿನ ನಂಬರಿನ ಎದುರು ಈ ಆಯ್ಕೆಗೂ ಒಂದು ಕಾಲಂ ಇರಬೇಕು. ಮೂರು ವರ್ಷ ಕಳೆದು −80 ಡಿಗ್ರಿಯಿಂದ ಟ್ಯೂಬು ತೆಗೆಯುವವರು ಕನ್ಸೆಂಟ್ ಫಾರ್ಮ್ ನೋಡುವುದಿಲ್ಲ, ಪಟ್ಟಿ ನೋಡುತ್ತಾರೆ. ಎಡವುವುದು ಬಹಳ ಸಲ ಇಲ್ಲೇ.

‘ಹೆಸರು ತೆಗೆದಿರುತ್ತೇವೆ’ ಅನ್ನುವ ಮಾತನ್ನೂ ಬಿಡಿಸಿ ಹೇಳಿ. ಕೋಡ್ ಹಾಕಿದ ಮಾದರಿ ಬೇರೆ, ಗುರುತು ಪೂರ್ತಿ ಅಳಿಸಿದ್ದು ಬೇರೆ. ಕೋಡ್ ಇದ್ದರೆ ಎಲ್ಲೋ ಒಂದು ಕಡೆ ಕೀಲಿಪಟ್ಟಿ ಇದೆ; ಆಮೇಲೆ ಬೇಡ ಅಂದವರ ಟ್ಯೂಬು ಹುಡುಕಿ ನಾಶ ಮಾಡಬಹುದು. ಗುರುತು ಅಳಿಸಿದ ಮೇಲೆ ಯಾರದೆಂದು ಯಾರಿಗೂ ಗೊತ್ತಿಲ್ಲ, ಹಾಗಾಗಿ ವಾಪಸ್ಸು ಕೊಡಲೂ ಆಗುವುದಿಲ್ಲ. ಗೌಪ್ಯತೆ ಹೆಚ್ಚಾದಷ್ಟೂ ಹಿಂದೆ ಸರಿಯುವ ಹಕ್ಕು ಕಡಿಮೆಯಾಗುತ್ತದೆ, ಇದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಜೀನೋಮ್ (ಪೂರ್ತಿ ವಂಶವಾಹಿ ಮಾಹಿತಿ) ಓದಿಸುವ ಯೋಚನೆ ಇದ್ದರೆ ‘ಗುರುತು ಸಿಗುವುದೇ ಇಲ್ಲ’ ಎಂದು ಮಾತ್ರ ಬರೆಯಬೇಡಿ. ಅಮೆರಿಕದ ಕ್ಯಾನ್ಸರ್ ರೋಗಿ ಹೆನ್ರಿಯೆಟಾ ಲ್ಯಾಕ್ಸ್ ಅವರ ಗಡ್ಡೆಯಿಂದ 1951ರಲ್ಲಿ ಕೇಳದೇ ತೆಗೆದ ಜೀವಕೋಶಗಳು ಹೀಲಾ ಎಂಬ ಹೆಸರಲ್ಲಿ ಲೋಕವೆಲ್ಲ ಹರಡಿದವು, ಮನೆಯವರಿಗೆ ತಿಳಿದದ್ದು ಇಪ್ಪತ್ತು ವರ್ಷ ದಾಟಿದ ಮೇಲೆ. ಅದಿರಲಿ, 2013ರಲ್ಲಿ ಹೀಲಾದ ಜೀನೋಮ್ ಅನ್ನು ಮತ್ತೆ ಕುಟುಂಬವನ್ನು ಕೇಳದೇ ಪ್ರಕಟಿಸಿದರು. ಆಕೆಯ ಜೀನೋಮ್ ಅಂದರೆ ಮೊಮ್ಮಕ್ಕಳ ಬಗ್ಗೆಯೂ ಸುಳಿವು. ಗಲಾಟೆಯಾಗಿ ಅದನ್ನು ಹಿಂದಕ್ಕೆ ತೆಗೆದುಕೊಂಡು, ಆಮೇಲೆ ನೋಡಲು ಅನುಮತಿ ಕೇಳಬೇಕಾದ ವ್ಯವಸ್ಥೆ ಬಂತು. ಅನುಮತಿ ಕೊಡುವ ಮಂಡಳಿಯಲ್ಲಿ ಕುಟುಂಬದವರೂ ಕೂತರು.

ಹಿಂದೆ ಸರಿಯುವುದು ಒಂದೇ ಬಾಗಿಲಲ್ಲ, ಮೂರು ಮೆಟ್ಟಿಲು. ಒಂದು, ಮಾತ್ರೆ ಬೇಡ ಆದರೆ ತಪಾಸಣೆಗೆ ಬರುತ್ತೇನೆ; ಎರಡು, ಬರುವುದಿಲ್ಲ ಆದರೆ ಫೋನ್ ಮಾಡಿ ವಿಚಾರಿಸಬಹುದು, ಆಸ್ಪತ್ರೆ ದಾಖಲೆ ನೋಡಬಹುದು; ಮೂರು, ಏನೂ ಬೇಡ. ಮೂರನ್ನೂ ಬರೆಯಿರಿ. ಬರೆಯದಿದ್ದರೆ ಮಾತ್ರೆ ಒಗ್ಗದವರು ನೇರ ಮೂರನೆಯದಕ್ಕೆ ಹೋಗುತ್ತಾರೆ, ಅಡ್ಡಪರಿಣಾಮ ಆದವರೇ ಲೆಕ್ಕದಿಂದ ಮಾಯವಾಗಿ ಔಷಧಿ ಇರುವುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ. ಆ ತನಕ ಸೇರಿದ ಡೇಟಾ ಸಾಮಾನ್ಯವಾಗಿ ಉಳಿಯುತ್ತದೆ, ಅಳಿಸುವುದಿಲ್ಲ. ಇದನ್ನು ಸಹಿಗೆ ಮೊದಲೇ ಹೇಳಿ. ಸರಿದ ಮೇಲೆ ಹೇಳಿದರೆ ಮೋಸ ಅನ್ನಿಸುತ್ತದೆ.

---

ತುಂಬೆಹೂ:

ಮೊದಲ ಪುಟದ ಕರಡು ಹಾಕುತ್ತಿದ್ದೇನೆ, ದಯವಿಟ್ಟು ನೋಡಿ:

‘ಇದು ಸಂಶೋಧನೆ. ನಿಮ್ಮ ಮಾಮೂಲಿ ಚಿಕಿತ್ಸೆ ಅಲ್ಲ. ಹೊಸ ಮಾತ್ರೆ ಕೆಲಸ ಮಾಡುತ್ತದೋ ಇಲ್ಲವೋ, ಎಷ್ಟು ಸುರಕ್ಷಿತ ಎಂದು ನಮಗೆ ಇನ್ನೂ ಗೊತ್ತಿಲ್ಲ. ತಿಳಿಯಲೆಂದೇ ಈ ಅಧ್ಯಯನ. ಕೆಲವರಿಗೆ ಹೊಸ ಮಾತ್ರೆ, ಕೆಲವರಿಗೆ ನೋಡಲು ಹಾಗೇ ಇರುವ, ಔಷಧಿಯ ಅಂಶವೇ ಇಲ್ಲದ ಡಮ್ಮಿ ಮಾತ್ರೆ. ನಾಣ್ಯ ಚಿಮ್ಮಿದ ಹಾಗೆ ಕಂಪ್ಯೂಟರ್ ತೀರ್ಮಾನಿಸುತ್ತದೆ. ಅದು ನಿಮ್ಮ ರಿಪೋರ್ಟ್ ನೋಡಿ ಆರಿಸುವುದಿಲ್ಲ. ಡಾಕ್ಟರು ಆರಿಸುವುದಿಲ್ಲ, ಬದಲಿಸಲೂ ಆಗುವುದಿಲ್ಲ. 24 ವಾರ ನಿಮ್ಮ ಮೆಥೊಟ್ರೆಕ್ಸೇಟ್ ಎಂದಿನಂತೆ ಮುಂದುವರಿಯುತ್ತದೆ, ಆದರೆ ಡೋಸ್ ಏರಿಸುವಂತಿಲ್ಲ. 12ನೇ ವಾರಕ್ಕೂ ಕೀಲುಗಳು ಸುಧಾರಿಸದಿದ್ದರೆ ಬೇರೆ ಚಿಕಿತ್ಸೆ ಕೇಳಬಹುದು. ಸೇರದಿದ್ದರೆ ನಿಮ್ಮ ಈಗಿನ ಚಿಕಿತ್ಸೆ ಹಾಗೇ ನಡೆಯುತ್ತದೆ.’

---

ರಾತ್ರಿಪಾಳಿ:

ಚೆನ್ನಾಗಿದೆ. ‘ಬೇರೆ ಚಿಕಿತ್ಸೆ ಕೇಳಬಹುದು’ ಬೇಡ, ಕೇಳುವ ಹೊರೆ ರೋಗಿಯ ಮೇಲೆ ಬಿತ್ತು. ‘ನಾವೇ ಪರೀಕ್ಷಿಸಿ ಬೇರೆ ಚಿಕಿತ್ಸೆಯ ದಾರಿ ತಿಳಿಸುತ್ತೇವೆ’ ಅನ್ನಿ. 12 ವಾರಕ್ಕೆ ಮೊದಲೇ ತಾಳಲಾರದ ನೋವು ಬಂದರೆ ಏನು ಮಾಡಬೇಕು ಎಂಬ ಸಾಲೂ ಬೇಕು.

---

ಗುಣಾಕಾರ:

ನಾಣ್ಯ ತೆಗೆಯಿರಿ. ನಾಣ್ಯಕ್ಕೆ ಎರಡೇ ಮುಖ, ಓದಿದವರು ಅರ್ಧಕ್ಕರ್ಧ ಎಂದುಕೊಳ್ಳುತ್ತಾರೆ. ನಿಮ್ಮದು 2:1. ಹೀಗೆ ಬರೆಯಿರಿ: ‘ಒಂದು ಡಬ್ಬಿಯಲ್ಲಿ ಮೂರು ಚೀಟಿ ಇವೆ ಎಂದುಕೊಳ್ಳಿ. ಎರಡರಲ್ಲಿ ಹೊಸ ಮಾತ್ರೆ, ಒಂದರಲ್ಲಿ ಡಮ್ಮಿ ಮಾತ್ರೆ ಎಂದು ಬರೆದಿದೆ. ಕಣ್ಣು ಮುಚ್ಚಿ ಒಂದು ಎತ್ತಿದ ಹಾಗೆ.’ ಕೋಆರ್ಡಿನೇಟರ್ ಟೇಬಲ್ ಮೇಲೆ ನಿಜವಾದ ಮೂರು ಚೀಟಿ ಇಟ್ಟುಕೊಂಡು ತೋರಿಸಿದರೆ ಇನ್ನೂ ಒಳ್ಳೆಯದು. ತೋರಿಸಿದ ಮೇಲೆ ‘ಇದು ಬರೀ ಉದಾಹರಣೆ, ನಿಮ್ಮ ಚೀಟಿ ಇನ್ನೂ ಎತ್ತಿಲ್ಲ’ ಎಂದು ಹೇಳಲು ಮರೆಯಬಾರದು.